ಟೆಂಡರ್ ವಕೀಲಿಕೆ ಕಲಿಯುವುದು ಹೇಗೆ: ಧಾರವಾಡದ ಒಂದು ಕಚೇರಿಯಿಂದ

ಟೆಂಡರ್ ಕೇಸು ನಡೆಸುವ ವಕೀಲರಾಗಬೇಕು ಅಂತ ಆಸೆಪಟ್ಟು ಲಾ ಕಾಲೇಜಿಗೆ ಸೇರಿದವರನ್ನು ನಾನಿನ್ನೂ ನೋಡಿಲ್ಲ. ಕ್ರಿಮಿನಲ್, ಸಿವಿಲ್, ಈಚೆಗೆ ಕಾರ್ಪೊರೇಟ್, ಎಲ್ಲರ ಕಣ್ಣು ಆ ಕಡೆಗೇ. ಸರ್ಕಾರಿ ಗುತ್ತಿಗೆಯ ಕಾನೂನಿಗೆ ಜನ ಬರುವುದು ಪಕ್ಕದ ಬಾಗಿಲಿನಿಂದ. ಸೀನಿಯರ್ ಹತ್ತಿರ ಒಬ್ಬ ಗುತ್ತಿಗೆದಾರರ ಫೈಲು ಇರುತ್ತದೆ, ಅದರ ದಪ್ಪ ನೋಡಿ ಬೇರೆ ಜೂನಿಯರ್‌ಗಳು ಕೈ ಹಾಕುವುದಿಲ್ಲ, ಅದು ನಿಮ್ಮ ಟೇಬಲ್ಲಿಗೆ ಬರುತ್ತದೆ. ನನ್ನ ಟೇಬಲ್ಲಿಗೂ ಹಾಗೇ ಬಂತು. ಈಗ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನನ್ನ ಕೆಲಸದ ಬಹುಪಾಲು ಇದೇ: ರಸ್ತೆ, ಕಾಲುವೆ, ಕುಡಿಯುವ ನೀರು, ಹಾಸ್ಟೆಲ್ ಕಟ್ಟಡ, ಆಸ್ಪತ್ರೆಗೆ ಔಷಧಿ ಪೂರೈಕೆ.

ಈ ದಾರಿಗೆ ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಟೆಂಡರ್ ಕೇಸು ಗೆಲ್ಲುವುದೂ ಸೋಲುವುದೂ ಕೋರ್ಟ್ ಹಾಲಿನಲ್ಲಲ್ಲ. ಟೆಂಡರ್ ಕರೆದ ದಿನದಿಂದ ಕೊನೆಯ ಬಿಲ್ಲಿನವರೆಗೆ ಯಾರು ಯಾವ ತಾರೀಕಿಗೆ ಯಾವ ಕಾಗದ ಬರೆದರು ಎಂಬುದರಲ್ಲಿ ಅದು ಮುಕ್ಕಾಲು ತೀರ್ಮಾನವಾಗಿರುತ್ತದೆ. ವಾದ ಮಾಡುವ ಹುಮ್ಮಸ್ಸು ಇದ್ದು ಕಾಗದ ಓದುವ ತಾಳ್ಮೆ ಇಲ್ಲದವರು ಬೇರೆ ಶಾಖೆ ಆರಿಸಿಕೊಳ್ಳುವುದು ಒಳ್ಳೆಯದು.

ಮೊದಲು ಏನು ಓದಬೇಕು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. ಚಿಕ್ಕ ಕಾಯ್ದೆ, ಒಂದೇ ಕೂತಿಗೆ ಓದಿ ಮುಗಿಸಬಹುದು. ಜೊತೆಗೆ 2000ದ ನಿಯಮಗಳನ್ನು ಇಟ್ಟುಕೊಳ್ಳಿ. ಟೆಂಡರ್ ಇಲ್ಲದೆ ಖರೀದಿ ಇಲ್ಲ ಎನ್ನುವುದು 5ನೇ ಕಲಮು. ಯಾವಾಗ ಟೆಂಡರ್ ಬೇಡ ಎನ್ನುವುದು 4ನೇ ಕಲಮು. ವಿಧಾನಸೌಧದಿಂದ ತಾಲ್ಲೂಕು ಕಚೇರಿಯವರೆಗೆ ಎಲ್ಲರ ಬಾಯಲ್ಲಿ ಓಡಾಡುವ "4(ಜಿ) ವಿನಾಯಿತಿ" ಅಲ್ಲಿಂದಲೇ ಬಂದದ್ದು. ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಟೆಂಡರಿನಿಂದ ವಿನಾಯಿತಿ ಕೊಡುವ ದಾರಿ ಅದು. 10ನೇ ಕಲಮಿನಲ್ಲಿ ಟೆಂಡರ್ ಪರಿಶೀಲನಾ ಸಮಿತಿ, 13ರಲ್ಲಿ ಟೆಂಡರ್ ಅಂಗೀಕಾರ, 16ರಲ್ಲಿ ಮೇಲ್ಮನವಿ. ನಿಯಮಗಳಲ್ಲಿ 17, 27, 28 ಬಾಯಿಪಾಠ ಆಗಲಿ: ಟೆಂಡರ್ ಸಲ್ಲಿಸಲು ಕೊಡಬೇಕಾದ ಕನಿಷ್ಠ ಕಾಲ, ಪೂರ್ವಾರ್ಹತೆ, ತಾಂತ್ರಿಕ ದಾಖಲೆಯನ್ನೂ ದರವನ್ನೂ ಬೇರೆ ಬೇರೆಯಾಗಿ ಸಲ್ಲಿಸುವ ಎರಡು ಲಕೋಟೆ ಪದ್ಧತಿ.

ಒಂದು ಎಚ್ಚರಿಕೆ. ಈ ಕಾಯ್ದೆಗೂ ನಿಯಮಗಳಿಗೂ ತಿದ್ದುಪಡಿ ಬರುತ್ತಲೇ ಇರುತ್ತದೆ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಕಾಮಗಾರಿಗಳ ಮೀಸಲಾತಿ ಬಂದದ್ದು ತಿದ್ದುಪಡಿಯಿಂದ. ಅದು ಎಷ್ಟು ಮೊತ್ತದವರೆಗಿನ ಕಾಮಗಾರಿಗೆ ಅನ್ವಯ ಎಂಬ ಮಿತಿಯೂ ಆಮೇಲೆ ಬದಲಾಗಿದೆ. ಆದ್ದರಿಂದ ಪುಸ್ತಕದಂಗಡಿಯ ಹಳೆಯ ಪ್ರತಿ ನಂಬಬೇಡಿ. ನಿಮ್ಮ ಟೆಂಡರ್ ಪ್ರಕಟವಾದ ದಿನ ಕಾಯ್ದೆ ಹೇಗಿತ್ತು ಎಂಬುದನ್ನು ರಾಜ್ಯಪತ್ರ ನೋಡಿ ಖಚಿತಪಡಿಸಿಕೊಂಡು, ಆ ಪ್ರತಿಯನ್ನೇ ಫೈಲಿನ ಮೊದಲ ಪುಟವಾಗಿ ಸೇರಿಸಿ.

ರೈಲ್ವೆ, ಹೆದ್ದಾರಿ ಪ್ರಾಧಿಕಾರ, ರಕ್ಷಣಾ ಇಲಾಖೆಯ ಕೆಲಸಕ್ಕೆ ಕೆಟಿಪಿಪಿ ಬರುವುದಿಲ್ಲ. ಕೇಂದ್ರದಲ್ಲಿ ಇಂಥ ಒಂದು ಕಾಯ್ದೆಯೇ ಇಲ್ಲ. ಅಲ್ಲಿ ನಡೆಯುವುದು 2017ರ ಜನರಲ್ ಫೈನಾನ್ಷಿಯಲ್ ರೂಲ್ಸ್, ಖರೀದಿ ಕೈಪಿಡಿಗಳು, 2016ರಲ್ಲಿ ಶುರುವಾದ ಜೆಮ್ ಎಂಬ ಸರ್ಕಾರಿ ಖರೀದಿ ಪೋರ್ಟಲ್ಲಿನ ಷರತ್ತುಗಳು. ವಿಶ್ವಬ್ಯಾಂಕ್ ಅಥವಾ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲದ ಯೋಜನೆಯಾದರೆ ಸಾಲದ ಒಪ್ಪಂದದಲ್ಲಿ ಹೇಳಿದ ಖರೀದಿ ವಿಧಾನವನ್ನೇ ಮೊದಲು ಹುಡುಕಿ. ಸಂವಿಧಾನದಿಂದ 14, 226, 299, ಕರಾರು ಕಾಯ್ದೆಯಿಂದ 55, 70, 73, 74. ಶುರುಮಾಡಲು ಇಷ್ಟು ಸಾಕು.

ಟೆಂಡರ್ ದಾಖಲೆ ಓದುವ ಕ್ರಮ

ರಾಜ್ಯದ ಟೆಂಡರ್‌ಗಳು ಪ್ರಕಟವಾಗುವ ಕೆಪಿಪಿಪಿ ಪೋರ್ಟಲ್ ತೆರೆದು ನಿಮ್ಮದೇ ಜಿಲ್ಲೆಯ ಒಂದು ರಸ್ತೆ ಕಾಮಗಾರಿಯ ಟೆಂಡರ್ ಇಳಿಸಿಕೊಳ್ಳಿ. ದೊಡ್ಡ ಕಾಮಗಾರಿಗಳಿಗೆ ಹೆಚ್ಚಾಗಿ ಕೆಡಬ್ಲ್ಯೂ-4 ಎಂಬ ಮಾದರಿ ದಾಖಲೆ ಇರುತ್ತದೆ. ಅದರಲ್ಲಿ ಬಹುತೇಕ ಪುಟಗಳು ಎಲ್ಲ ಕಾಮಗಾರಿಗೂ ಒಂದೇ. ಈ ಕಾಮಗಾರಿಗೆ ಮಾತ್ರ ಅಂತ ಟೈಪು ಮಾಡಿ ಸೇರಿಸಿದ್ದು ಏನು ಎಂಬುದೇ ವಕೀಲರ ಕಣ್ಣು ಬೀಳಬೇಕಾದ ಜಾಗ. ಮಾದರಿ ದಾಖಲೆಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಒಬ್ಬರಿಗೇ ಹೊಂದುವಂಥ ಷರತ್ತು ತೂರಿಸಿದ್ದರೆ ಅದು ಅಲ್ಲಿ ಸಿಗುತ್ತದೆ: ಇಂತಿಷ್ಟು ಕಿಲೋಮೀಟರ್ ಒಳಗೆ ಸ್ವಂತ ಹಾಟ್‌ಮಿಕ್ಸ್ ಪ್ಲಾಂಟ್ ಇರಬೇಕು, ಇದೇ ಇಲಾಖೆಯಲ್ಲಿ ಮಾಡಿದ ಕೆಲಸದ ಅನುಭವವೇ ಬೇಕು, ಇಂಥವು. ಷರತ್ತು ಕಂಡಕೂಡಲೇ, ಟೆಂಡರ್ ಹಾಕುವ ಮುಂಚೆ ಇಲಾಖೆ ಕರೆಯುವ ಪ್ರೀ-ಬಿಡ್ ಸಭೆಗೆ ಮೊದಲು ಲಿಖಿತ ಆಕ್ಷೇಪ ಹೋಗಬೇಕು. ಷರತ್ತು ಒಪ್ಪಿ ಟೆಂಡರ್ ಹಾಕಿ, ಸೋತ ಮೇಲೆ ಷರತ್ತೇ ಸರಿಯಿಲ್ಲ ಎಂದು ಹೋದವರಿಗೆ ಕೋರ್ಟು ಕೇಳುವ ಮೊದಲ ಪ್ರಶ್ನೆ "ಅವತ್ತು ಯಾಕೆ ಸುಮ್ಮನಿದ್ದಿರಿ" ಅಂತಲೇ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಗದಗ ಕಡೆಯ ಒಬ್ಬರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಚೀಲದ ತುಂಬ ಕಾಗದ ತಂದು ಕೂತರು.

"ಟೆಕ್ನಿಕಲ್‌ನಾಗ ಹೊರಗ ಹಾಕ್ಯಾರ್ರೀ ಮೇಡಂ. ಬಿಡ್ ಕೆಪ್ಯಾಸಿಟಿ ಸಾಲಂಗಿಲ್ಲಂತ."

"ಕಾಕಾ, ಲೆಕ್ಕ ಯಾರು ಮಾಡಿದ್ದು?"

"ನಮ್ಮ ಹುಡುಗ ಮಾಡಿದ್ದರೀ. ಎಲ್ಲಾ ಕೆಲಸ ಬರದಾನ, ಒಂದೂ ಮುಚ್ಚಿಟ್ಟಿಲ್ಲ."

ಬಿಡ್ ಕೆಪ್ಯಾಸಿಟಿ ಅಂದರೆ ಗುತ್ತಿಗೆದಾರ ಇನ್ನೂ ಎಷ್ಟು ಮೊತ್ತದ ಕೆಲಸ ಹೊರಬಲ್ಲ ಎಂಬ ಲೆಕ್ಕ. ಸೂತ್ರ ಹೀಗೆ: ಎ ಗುಣಿಸು ಎನ್ ಗುಣಿಸು 1.5, ಅದರಿಂದ ಬಿ ಕಳೆ. ಎ ಅಂದರೆ ಹಿಂದಿನ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯ. ಎನ್ ಅಂದರೆ ಈಗ ಕರೆದ ಕಾಮಗಾರಿ ಮುಗಿಸಲು ಕೊಟ್ಟ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದರೆ ಕೈಯಲ್ಲಿರುವ ಕೆಲಸ. ಅವರ ಎ 4 ಕೋಟಿ, ಅವಧಿ 18 ತಿಂಗಳು, ಅಂದರೆ ಎನ್ 1.5. ಗುಣಿಸಿದರೆ 9 ಕೋಟಿ. ಕೈಯಲ್ಲಿದ್ದ ಕೆಲಸ 6 ಕೋಟಿ ಎಂದು ಹುಡುಗ ಬರೆದಿದ್ದ. ಉಳಿದದ್ದು 3 ಕೋಟಿ. ಟೆಂಡರ್ ಮೊತ್ತ 3.5 ಕೋಟಿ. ಸಮಿತಿ ಹೊರಹಾಕಿತ್ತು.

ದಾಖಲೆಯಲ್ಲಿ ಬಿ ಬಗ್ಗೆ ಬರೆದ ಸಾಲನ್ನು ಪೂರ್ತಿ ಓದಿದಾಗ ಕಂಡದ್ದು ಬೇರೆ. ಕೈಯಲ್ಲಿರುವ ಎಲ್ಲ ಕೆಲಸ ಎಂದು ಅಲ್ಲಿರಲಿಲ್ಲ. ಮುಂದಿನ ಎನ್ ವರ್ಷಗಳಲ್ಲಿ ಮಾಡಬೇಕಾದ ಕೆಲಸ ಎಂದಿತ್ತು. ಅವರ ಬಳಿ ಇದ್ದ ಒಂದು ಕಾಲುವೆ ಕೆಲಸದಲ್ಲಿ 4 ಕೋಟಿ ಬಾಕಿ, ಅದಕ್ಕೆ ಉಳಿದ ಅವಧಿ 24 ತಿಂಗಳು. ಇಲಾಖೆಯೇ ಒಪ್ಪಿದ್ದ ಕಾರ್ಯಸೂಚಿಯ ಪ್ರಕಾರ ಮೊದಲ 18 ತಿಂಗಳಿಗೆ ಬರುವುದು 3 ಕೋಟಿಯ ಕೆಲಸ. ಬಿ 6 ಅಲ್ಲ, 5. ಸಾಮರ್ಥ್ಯ 3 ಅಲ್ಲ, 4 ಕೋಟಿ. ಆ ಕಾರ್ಯಸೂಚಿಯನ್ನು ಅವರು ಟೆಂಡರ್ ಜೊತೆಗೇ ಅಪ್‌ಲೋಡ್ ಮಾಡಿದ್ದರು. ಸಮಿತಿ ಅದನ್ನು ನೋಡಿಯೇ ಇರಲಿಲ್ಲ. ಮೇಲ್ಮನವಿಯಲ್ಲಿ ನಾವು ಹಾಕಿದ ಮುಖ್ಯ ಆಧಾರ ಇದೊಂದೇ, ಲೆಕ್ಕದ ಹಾಳೆಯೂ ಸೇರಿ ಎರಡು ಪುಟ. ದೊಡ್ಡ ದೊಡ್ಡ ತೀರ್ಪುಗಳು ಅಲ್ಲಿ ಬೇಕಾಗಲೇ ಇಲ್ಲ.

ಆ ಕಾರ್ಯಸೂಚಿ ಅಪ್‌ಲೋಡ್ ಆಗಿರದಿದ್ದರೆ ಕತೆಯೇ ಬೇರೆ. ಟೆಂಡರ್ ಮುಚ್ಚಿದ ಮೇಲೆ ಹೊಸ ದಾಖಲೆ ತಂದು ಅರ್ಹತೆ ಪಡೆಯುವುದು ಬಲು ಕಷ್ಟ. ಆದ್ದರಿಂದ ಕಕ್ಷಿದಾರರಿಗೆ ನೀವು ಮಾಡಿಕೊಡಬಹುದಾದ ಅತ್ಯಂತ ಉಪಯುಕ್ತ ಕೆಲಸ, ಟೆಂಡರ್ ಸಲ್ಲಿಸುವ ಮೊದಲು ಅದನ್ನು ಪರಿಶೀಲಿಸಿ ಕೊಡುವುದು. ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರದ ಮೇಲೆ ಅದರ ಅಸಲಿತನ ತಾಳೆ ನೋಡುವ ಯುಡಿಐಎನ್ ಸಂಖ್ಯೆ ಇದೆಯೇ, ಜಂಟಿ ಉದ್ಯಮವಾದರೆ ಒಪ್ಪಂದ ಸರಿಯಾದ ಛಾಪಾ ಕಾಗದದ ಮೇಲಿದೆಯೇ, ಬ್ಯಾಂಕ್ ಗ್ಯಾರಂಟಿಯ ಅವಧಿ ಟೆಂಡರ್ ಸಿಂಧುತ್ವದ ಅವಧಿಗೆ ಸಾಲುತ್ತದೆಯೇ. ವಕೀಲರ ಫೀ ಉಳಿಸಲು ಹೋಗಿ ಇಂಥ ಸಣ್ಣ ಕಾಗದಕ್ಕೆ ಕೋಟಿಯ ಕೆಲಸ ಕಳೆದುಕೊಂಡವರು ನಮ್ಮ ಕಡೆ ಬೇಕಾದಷ್ಟು ಮಂದಿ.

ಸಣ್ಣ ದೋಷಕ್ಕೆಲ್ಲ ಟೆಂಡರ್ ತಿರಸ್ಕರಿಸಲೇಬೇಕೆಂದಿಲ್ಲ. ಮೂಲಭೂತ ಷರತ್ತು ಬೇರೆ, ಅದಕ್ಕೆ ಪೂರಕವಾದ ಷರತ್ತು ಬೇರೆ ಎಂದು 1991ರಲ್ಲೇ ಪೊದ್ದಾರ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಈ ಭರವಸೆಯ ಮೇಲೆ ದೋಷದ ಟೆಂಡರ್ ಹಾಕಿಸಬೇಡಿ.

ಗಡಿಯಾರ ಮತ್ತು ಕೋರ್ಟು

16ನೇ ಕಲಮಿನ ಮೇಲ್ಮನವಿಗೆ ಆದೇಶ ಕೈಸೇರಿದ ದಿನದಿಂದ 30 ದಿನ. ಕಾಗದದ ಮೇಲೆ ಮೂವತ್ತು. ನಿಮ್ಮ ಮಟ್ಟಿಗೆ ಮೂರು ಎಂದುಕೊಳ್ಳಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಟೆಂಡರ್ ತಾನಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಅಷ್ಟರಲ್ಲಿ ಎಲ್1, ಅಂದರೆ ಅತಿ ಕಡಿಮೆ ದರ ಹಾಕಿದವರ ಜೊತೆ ಕರಾರು ಆಗಿ, ಕಾರ್ಯಾದೇಶ ಹೊರಬಿದ್ದು, ಜೆಸಿಬಿ ಇಳಿದು, ಗುದ್ದಲಿ ಪೂಜೆಯ ಫೋಟೊ ಪೇಪರಿನಲ್ಲಿ ಬಂದರೆ ನಿಮ್ಮ ಕೇಸಿನ ತೂಕ ಅಲ್ಲೇ ಅರ್ಧಕ್ಕೆ ಇಳಿಯುತ್ತದೆ. ಮಧ್ಯಂತರ ತಡೆಯ ಅರ್ಜಿ ಮೇಲ್ಮನವಿಯ ಜೊತೆಗೇ ಹೋಗಬೇಕು.

ಮೇಲ್ಮನವಿ ಬಿಟ್ಟು 226ನೇ ವಿಧಿಯಡಿ ಹೈಕೋರ್ಟಿಗೆ ನೇರ ರಿಟ್ ಹಾಕಿದರೆ "ಪರ್ಯಾಯ ಪರಿಹಾರ ಇದೆಯಲ್ಲ" ಎಂಬ ಪ್ರಶ್ನೆ ಬರುವುದು ನಿಶ್ಚಿತ. ಅದಕ್ಕೆ ಉತ್ತರ ಅರ್ಜಿಯ ಮೊದಲ ಪುಟಗಳಲ್ಲೇ ಇರಲಿ.

ಹೈಕೋರ್ಟು ಟೆಂಡರ್ ಸಮಿತಿಯ ಮೇಲೆ ಕೂತ ಇನ್ನೊಂದು ಟೆಂಡರ್ ಸಮಿತಿಯಲ್ಲ. ಸುಪ್ರೀಂ ಕೋರ್ಟಿನ 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದ ಇವತ್ತಿನವರೆಗೆ ಧಾಟಿ ಒಂದೇ: ನಿರ್ಧಾರ ಹೇಗೆ ತೆಗೆದುಕೊಂಡರು ಎಂಬುದನ್ನು ನೋಡುತ್ತೇವೆ, ನಿರ್ಧಾರ ನಮಗೆ ಇಷ್ಟವೋ ಅಲ್ಲವೋ ಎಂಬುದನ್ನಲ್ಲ. 2006ರ ಜಗದೀಶ್ ಮಂಡಲ್ ತೀರ್ಪಿನ ಪ್ರಶ್ನೆಗಳನ್ನು ಕಂಠಸ್ಥ ಮಾಡಿಕೊಳ್ಳಿ. ದುರುದ್ದೇಶ ಇದೆಯೇ, ಯಾರಿಗೋ ಅನುಕೂಲ ಮಾಡಲು ಹೀಗಾಯಿತೇ, ಜವಾಬ್ದಾರಿಯುಳ್ಳ ಯಾವ ಪ್ರಾಧಿಕಾರವೂ ಬರಲಾರದಂಥ ನಿರ್ಧಾರವೇ, ಸಾರ್ವಜನಿಕ ಹಿತಕ್ಕೆ ಧಕ್ಕೆ ಇದೆಯೇ. 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು ಇನ್ನೂ ಬಿಗಿ: ಮೂಲಸೌಕರ್ಯ ಕಾಮಗಾರಿಗೆ ತಡೆ ಕೊಡುವ ಬದಲು, ಅನ್ಯಾಯವಾದವರು ನಷ್ಟಪರಿಹಾರ ಕೇಳಲಿ ಎಂಬ ಒಲವು. 2018ರಲ್ಲಿ ಸ್ಪೆಸಿಫಿಕ್ ರಿಲೀಫ್ ಕಾಯ್ದೆಗೆ ಸೇರಿದ 20ಎ ಕಲಮೂ ಇದೇ ದಿಕ್ಕಿನದು.

ಇದನ್ನು ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ನಾನು ಹೇಳಿ ಕಳಿಸಿದವರಲ್ಲಿ ಕೆಲವರು "ಸ್ಟೇ ಗ್ಯಾರಂಟಿ" ಅನ್ನುವ ಬೇರೆ ವಕೀಲರ ಹತ್ತಿರ ಹೋಗಿದ್ದಾರೆ. ಹೋಗಲಿ.

ಅರ್ಜಿ ಬರೆಯುವಾಗ "ಸ್ವಜನಪಕ್ಷಪಾತ", "ಭ್ರಷ್ಟಾಚಾರ" ಎಂದು ಪುಟಗಟ್ಟಲೆ ತುಂಬಿಸುವುದರಿಂದ ಪ್ರಯೋಜನವಿಲ್ಲ. ಎಡಗಡೆ ಟೆಂಡರ್ ಷರತ್ತು, ಬಲಗಡೆ ಎಲ್1 ಸಲ್ಲಿಸಿದ ದಾಖಲೆ, ಹೀಗೆ ಒಂದು ಕೋಷ್ಟಕ ಹಾಕಿ. ಅದೇ ದೋಷಕ್ಕೆ ನಿಮ್ಮವರನ್ನು ಹೊರಗಿಟ್ಟು ಅವರನ್ನು ಒಳಗಿಟ್ಟಿದ್ದರೆ ಸಮಾನತೆಯ 14ನೇ ವಿಧಿ ತಾನೇ ಎದ್ದು ಕಾಣುತ್ತದೆ. ಇಲ್ಲಿ ಕನ್ನಡ ಬಲ್ಲ ಜೂನಿಯರ್‌ಗೆ ಒಂದು ಅನುಕೂಲ ಉಂಟು. ಟೆಂಡರ್ ದಾಖಲೆ ಇಂಗ್ಲಿಷಿನಲ್ಲಿ, ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ಆದರೆ ಇಲಾಖೆಯ ಟಿಪ್ಪಣಿ ಹಾಳೆ, ಸಮಿತಿಯ ನಡವಳಿ, ಪತ್ರ ವ್ಯವಹಾರ ಬಹುಪಾಲು ಕನ್ನಡದಲ್ಲಿ. ಮಾಹಿತಿ ಹಕ್ಕಿನಲ್ಲಿ ತಂದ ಟಿಪ್ಪಣಿ ಹಾಳೆಯ ಅಂಚಿನಲ್ಲಿ ಗೀಚಿದ "ಚರ್ಚಿಸಿದಂತೆ ಮಂಡಿಸಿ" ಎಂಬ ಒಂದು ಸಾಲಿನ ಹಿಂದೆ ಏನಾಯಿತು ಎಂದು ಊಹಿಸಿ ಮುಂದಿನ ಪುಟ ಹುಡುಕುವವರು ನಮ್ಮೂರಿನ ಹುಡುಗ ಹುಡುಗಿಯರೇ.

ಕೆಲಸ ಸಿಕ್ಕ ಮೇಲೆ ಶುರುವಾಗುವ ಕೆಲಸ

ಟೆಂಡರ್ ವ್ಯಾಜ್ಯ ಸದ್ದು ಮಾಡುತ್ತದೆ. ವೃತ್ತಿಯನ್ನು ಸಾಕುವುದು ಮಾತ್ರ ಕರಾರಿನ ನಂತರದ ತಕರಾರು: ತಡ, ದಂಡ, ಹೆಚ್ಚುವರಿ ಕೆಲಸ, ಬಾಕಿ ಬಿಲ್ಲು.

ಗುತ್ತಿಗೆದಾರರಿಗೆ ಇಂಜಿನಿಯರ್ ಎದುರು ಕಾಗದ ಬರೆಯುವುದೆಂದರೆ ಅಳುಕು. "ಪತ್ರ ಬರದ್ರ ಸಾಹೇಬ್ರು ಸಿಟ್ಟಾಗ್ತಾರ್ರೀ" ಎನ್ನುತ್ತಾರೆ. ಈ ಅಳುಕು ನಿಜವಾದದ್ದು, ಬಿಲ್ ಅವರ ಸಹಿಯಿಂದಲೇ ಹೋಗಬೇಕಲ್ಲ. ಹಾಗಾಗಿ ಸಿಟ್ಟು ಬರಿಸದೆ ದಾಖಲೆ ಉಳಿಸುವ ಪತ್ರ ಬರೆಯಲು ಕಲಿಯಬೇಕು. ನಾನು ಬರೆಸುವ ಪತ್ರ ಸುಮಾರು ಹೀಗಿರುತ್ತದೆ:

"ದಿನಾಂಕ ಇಂಥದರಂದು ಸ್ಥಳ ಪರಿಶೀಲನೆಯ ವೇಳೆ, ಚೈನೇಜ್ 2.400ರಲ್ಲಿನ ಕಲ್ವರ್ಟ್ ಅಗಲವನ್ನು 7.5 ಮೀಟರ್‌ನಿಂದ 10 ಮೀಟರ್‌ಗೆ ಹೆಚ್ಚಿಸಲು ತಾವು ಮೌಖಿಕವಾಗಿ ಸೂಚಿಸಿರುತ್ತೀರಿ. ಸದರಿ ಹೆಚ್ಚುವರಿ ಪ್ರಮಾಣವು ಬಿಒಕ್ಯೂನಲ್ಲಿ ಇರುವುದಿಲ್ಲ. ಲಿಖಿತ ಆದೇಶ ಮತ್ತು ದರ ಅನುಮೋದನೆ ನೀಡಲು ಕೋರುತ್ತೇವೆ. ಆದೇಶ ಬರುವವರೆಗಿನ ಅವಧಿಯನ್ನು ಸಮಯ ವಿಸ್ತರಣೆಗೆ ಪರಿಗಣಿಸಲು ವಿನಂತಿ."

ಬಿಒಕ್ಯೂ ಅಂದರೆ ಕರಾರಿನ ಜೊತೆಗಿರುವ ಕೆಲಸದ ಬಾಬ್ತು, ಪ್ರಮಾಣಗಳ ಪಟ್ಟಿ. ಪತ್ರದಲ್ಲಿ ಆರೋಪ ಇಲ್ಲ, ಬೆದರಿಕೆ ಇಲ್ಲ. ಆದರೆ ಆದೇಶ ಕೊಟ್ಟವರು ಯಾರು, ಎಲ್ಲಿ, ಎಷ್ಟು, ಕೆಲಸ ನಿಂತದ್ದು ಯಾಕೆ, ಎಲ್ಲವೂ ಅದರಲ್ಲಿದೆ. ಟಪಾಲು ಶಾಖೆಯಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್, ಜೊತೆಗೊಂದು ಇಮೇಲ್.

ಸಮಯ ವಿಸ್ತರಣೆಯ ಅರ್ಜಿಯಲ್ಲಿ ಜೂನಿಯರ್‌ಗಳು ತಪ್ಪದೆ ಮರೆಯುವುದು ಕರಾರು ಕಾಯ್ದೆಯ 55ನೇ ಕಲಮಿನ ಕೊನೆಯ ಭಾಗ. ಇಲಾಖೆ ಜಾಗ ಬಿಡಿಸಿಕೊಡಲು ತಡ ಮಾಡಿತು, ಹೆಸ್ಕಾಂ ಕಂಬ ಸ್ಥಳಾಂತರ ಆಗಲಿಲ್ಲ. ಗುತ್ತಿಗೆದಾರ ವಿಸ್ತರಣೆ ಪಡೆದು ಕೆಲಸ ಮುಂದುವರಿಸಿದ. ಆ ಹೊತ್ತಿನಲ್ಲೇ "ಈ ತಡದಿಂದಾದ ನಷ್ಟ ಕೇಳುವ ಹಕ್ಕು ಕಾಯ್ದಿರಿಸಿದ್ದೇವೆ" ಎಂದು ತಿಳಿಸದಿದ್ದರೆ ಆಮೇಲೆ ನಷ್ಟ ಕೇಳಲು ಆ ಕಲಮೇ ಅಡ್ಡ ಬರುತ್ತದೆ. ಒಂದು ಸಾಲಿನ ವಿಷಯ. ಹಾಗೆಯೇ ಇಲಾಖೆ ದಂಡ ಹಾಕಿದಾಗ, ದಂಡದ ಹೆಸರಿನಲ್ಲಿ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ ಎನ್ನುವ 74ನೇ ಕಲಮನ್ನೂ 2015ರ ಕೈಲಾಶ್ ನಾಥ್ ತೀರ್ಪನ್ನೂ ಓದಿಕೊಳ್ಳಿ.

ಬಿಲ್ಲಿನ ತಕರಾರು ಬಂದರೆ ಮೊದಲು ಕೇಳಬೇಕಾದದ್ದು ಎಂಬಿ, ಅಂದರೆ ಅಳತೆ ಪುಸ್ತಕದ ಸಂಖ್ಯೆ, ಪುಟ ಸಂಖ್ಯೆ. ಅಳತೆ ಪುಸ್ತಕವೇ ಈ ಲೋಕದ ಖಾತೆ ಪುಸ್ತಕ. ಅಳತೆ ಬರೆದವರು ಯಾರು, ಅದನ್ನು ಮತ್ತೆ ಅಳೆದು ತಾಳೆ ನೋಡುವ ಚೆಕ್ ಮೆಜರ್‌ಮೆಂಟ್ ಮಾಡಿದವರು ಯಾರು, ಗುತ್ತಿಗೆದಾರ ಸಹಿ ಹಾಕುವಾಗ ಆಕ್ಷೇಪ ಬರೆದನೇ. ತೋಡಿದ ಪಾಯ ಮುಚ್ಚಿದ ಮೇಲೆ ಅದರ ಆಳವನ್ನು ಮತ್ತೆ ಅಳೆಯಲಾಗುವುದಿಲ್ಲ. ಆದ್ದರಿಂದ ಮುಚ್ಚುವ ಮೊದಲೇ ಜಂಟಿ ಅಳತೆ, ತಾರೀಕಿರುವ ಫೋಟೊ. ಆಗಾಗ ಹೋಗಿ ಸೈಟ್ ನೋಡಿ. ಹೈಹೀಲ್ಸ್ ಬೇಡ.

ಲಿಖಿತ ಕರಾರೇ ಇಲ್ಲದೆ, ಮಾತಿನ ಮೇಲೆ ಕೆಲಸ ಮಾಡಿ ಬರುವವರೂ ಇದ್ದಾರೆ. 299ನೇ ವಿಧಿಯ ಪ್ರಕಾರ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಉಳ್ಳವರ ಸಹಿಯೊಂದಿಗೆ ಇರಲೇಬೇಕು. ಆದರೂ ಸರ್ಕಾರ ಕೆಲಸದ ಪ್ರಯೋಜನ ಪಡೆದಿದ್ದರೆ ಕರಾರು ಕಾಯ್ದೆಯ 70ನೇ ಕಲಮಿನಲ್ಲಿ ಹಣ ಕೇಳಬಹುದು ಎಂದು 1961ರಲ್ಲೇ ಬಿ.ಕೆ. ಮಂಡಲ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ದಾರಿ ಇದೆ, ಉದ್ದವಾಗಿದೆ. ಮಾಡಿದ ಕೆಲಸದ ಹಣಕ್ಕೆ ಕಾಲಮಿತಿ ಮೂರು ವರ್ಷ, ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಎರಡು ತಿಂಗಳ ನೋಟಿಸ್. "ಬಿಲ್ ಬರ್ತೈತಿ, ಸಾಹೇಬ್ರು ಹೇಳ್ಯಾರ" ಎಂದು ಕಾಯುತ್ತಾ ಈ ಮೂರು ವರ್ಷ ಕಳೆದುಹೋಗುತ್ತದೆ.

ಸರಕು, ಸೇವೆ ಪೂರೈಸುವ ಸಣ್ಣ ಉದ್ಯಮಿಗಳಾದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಬಲವಾದ ಆಯುಧ: ಹೆಚ್ಚೆಂದರೆ 45 ದಿನದೊಳಗೆ ಪಾವತಿ, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಿವಿಲ್ ಕಾಮಗಾರಿಗೂ ಇದು ಅನ್ವಯಿಸುತ್ತದೆಯೇ ಎಂಬಲ್ಲಿ ಬೇರೆ ಬೇರೆ ಹೈಕೋರ್ಟುಗಳು ಬೇರೆ ಬೇರೆ ಮಾತು ಆಡಿವೆ, ನೋಡಿಕೊಂಡು ಹೋಗಿ.

ಕಪ್ಪುಪಟ್ಟಿಯ ನೋಟಿಸ್ ಬಂದರೆ ಅವತ್ತು ಬೇರೆ ಕೆಲಸ ಬದಿಗಿಡಿ. ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವನ್ನು ನೋಟಿಸ್‌ನಲ್ಲಿ ಸ್ಪಷ್ಟವಾಗಿ ತಿಳಿಸಿರಬೇಕು ಎಂದು 2020ರ ಯುಎಂಸಿ ಟೆಕ್ನಾಲಜೀಸ್ ತೀರ್ಪು ಹೇಳುತ್ತದೆ. ಬರೀ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದಿದ್ದರೆ ಸಾಲದು.

ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಬಗ್ಗೆ: ಕರಾರಿನಲ್ಲಿ ಮುಖ್ಯ ಇಂಜಿನಿಯರ್ ತೀರ್ಮಾನವೇ ಅಂತಿಮ ಎಂದ ಮಾತ್ರಕ್ಕೆ ಅದು ಮಧ್ಯಸ್ಥಿಕೆ ಒಪ್ಪಂದ ಆಗುವುದಿಲ್ಲ, ಕಲಮಿನ ಭಾಷೆ ನೋಡಬೇಕು. ಸಾರ್ವಜನಿಕ ಸಂಸ್ಥೆ ತಾನೊಬ್ಬನೇ ಏಕೈಕ ಮಧ್ಯಸ್ಥಗಾರನನ್ನು ನೇಮಿಸುವ ಪದ್ಧತಿಯನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಳ್ಳಿಹಾಕಿದೆ. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, 10 ಕೋಟಿ ಮೀರಿದ ವ್ಯಾಜ್ಯಗಳಿಗೆ ಮಧ್ಯಸ್ಥಿಕೆ ಕಲಮನ್ನು ರೂಢಿಯಂತೆ ಸೇರಿಸಬೇಡಿ ಎಂದು ಕೇಂದ್ರದ ಇಲಾಖೆಗಳಿಗೆ ಸೂಚಿಸಿತು. ಹಾಗಾಗಿ ಬರೀ ಮಧ್ಯಸ್ಥಿಕೆ ನೆಚ್ಚಿಕೊಂಡು ಈ ಶಾಖೆಗೆ ಬರುವುದು ಬೇಡ. ಕಮರ್ಷಿಯಲ್ ಕೋರ್ಟಿನ ವಿಧಾನವೂ ಗೊತ್ತಿರಲಿ.

ಎಲ್ಲಿ ಸೇರಬೇಕು, ಹೊಟ್ಟೆಪಾಡು ಹೇಗೆ

ಎರಡೂ ಬದಿಯ ಅನುಭವ ಬೇಕು. ನಿಗಮ, ಮಂಡಳಿ, ಪಾಲಿಕೆಗಳ ಪ್ಯಾನಲ್ ವಕೀಲರ ಕಚೇರಿಯಲ್ಲಿ ಸ್ವಲ್ಪ ಕಾಲ ಇದ್ದರೆ ಇಲಾಖೆಯ ಫೈಲು ಒಳಗೆ ಹೇಗೆ ನಡೆಯುತ್ತದೆ ಎಂಬುದು ಕಣ್ಣಾರೆ ಸಿಗುತ್ತದೆ. ಅಲ್ಲಿ ಫೀ ಕಡಿಮೆ, ಅದೂ ತಡವಾಗಿ ಬರುತ್ತದೆ. ಕಲಿಕೆ ಮಾತ್ರ ಭರ್ಜರಿ. ಆಮೇಲೆ ಗುತ್ತಿಗೆದಾರರ ಕಡೆಯ ಕಚೇರಿಗೆ ಹೋಗಿ. ಕೋರ್ಟು ಬೇಡ ಎನ್ನುವವರಿಗೆ ದೊಡ್ಡ ನಿರ್ಮಾಣ ಕಂಪನಿಗಳಲ್ಲಿ ಕಾಂಟ್ರ್ಯಾಕ್ಟ್ ವಿಭಾಗಗಳಿವೆ, ಬೆಂಗಳೂರಿನಲ್ಲೇ ಹೆಚ್ಚು. ಸಿವಿಲ್ ಇಂಜಿನಿಯರಿಂಗ್ ಓದಿ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವರು, ನಿವೃತ್ತಿಯ ನಂತರ ಕಪ್ಪುಕೋಟು ಹಾಕಿದ ಇಂಜಿನಿಯರ್‌ಗಳು ಈ ಕೆಲಸದಲ್ಲಿ ನಮಗಿಂತ ಮುಂದೆ. ಬಾರ್ ಬೆಂಡಿಂಗ್ ಶೆಡ್ಯೂಲ್ ಓದಿ ಕಬ್ಬಿಣದ ಲೆಕ್ಕ ತೆಗೆಯುವುದನ್ನು ನಾನು ಕಲಿತದ್ದು ಅಂಥ ಒಬ್ಬರಿಂದಲೇ.

ಎರಡು ವಿಷಯಗಳಲ್ಲಿ ಜಗ್ಗಬೇಡಿ. ಗೆಲ್ಲುವವರು ಯಾರೆಂದು ಮೊದಲೇ ಮಾತಾಡಿಕೊಂಡು, ಜೊತೆಗೆ ಇರಲಿ ಅಂತ ಹೆಚ್ಚು ದರದ ಟೆಂಡರ್ ಹಾಕಿಸುವ ರೂಢಿ ಇದೆ. ಅದಕ್ಕೆ ಕಾಗದ ತಯಾರಿಸಿಕೊಡಿ ಎಂದು ಯಾರಾದರೂ ಬಂದರೆ, ಸ್ಪರ್ಧಾ ಕಾಯ್ದೆ 2002ರ 3ನೇ ಕಲಮಿನಲ್ಲಿ ಇದು ನೇರವಾಗಿ ಬರುತ್ತದೆ ಎಂದು ಹೇಳಿ, ಕಾಫಿ ಕುಡಿಸಿ ಕಳಿಸಿ. ಇನ್ನೊಂದು, "ಬಿಲ್ ಆದ ಮ್ಯಾಲೆ ಇಷ್ಟು ಪರ್ಸೆಂಟ್ ಕೊಡ್ತೀನ್ರೀ" ಎಂಬ ಮಾತು. ಫಲಿತಾಂಶದ ಮೇಲೆ ಫೀ ನಿಗದಿ ಮಾಡುವುದಕ್ಕೆ ಬಾರ್ ಕೌನ್ಸಿಲ್ ನಿಯಮಗಳಲ್ಲೇ ನಿಷೇಧವಿದೆ. ನಾನು ಹಂತಕ್ಕೆ ಇಷ್ಟು ಎಂದು ಬರೆದುಕೊಡುತ್ತೇನೆ: ದಾಖಲೆ ಓದಿ ಅಭಿಪ್ರಾಯ ಕೊಡಲು ಇಷ್ಟು, ಪತ್ರಗಳಿಗೆ ಇಷ್ಟು, ಮೇಲ್ಮನವಿಗೆ ಇಷ್ಟು, ರಿಟ್‌ಗೆ ಇಷ್ಟು. ಮೊದಲಿನ ಎರಡನ್ನು ಮುಂಗಡವಾಗಿಯೇ ತೆಗೆದುಕೊಳ್ಳಿ. ಗುತ್ತಿಗೆದಾರರ ಹಣ ವರ್ಷವೆಲ್ಲ ಸೈಟಿನಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ, ಮಾರ್ಚ್ ಕೊನೆಗೆ ಖಜಾನೆಯಿಂದ ಬಿಲ್ಲು ಹರಿದಾಗ ಒಮ್ಮೆಲೇ ಬರುತ್ತದೆ. ನಿಮ್ಮ ಮನೆ ಬಾಡಿಗೆ ಅಲ್ಲಿಯವರೆಗೆ ಕಾಯುವುದಿಲ್ಲ.